ಮನೆ ಕೊಳ್ಳುವವರಿಗೆ ಎಂಥ ವಕೀಲರು ಬೇಕು?

ಬೆಳಗಾವಿಯಲ್ಲಿ ಮನೆಯನ್ನೋ ಪ್ಲಾಟನ್ನೋ ಕೊಳ್ಳಲು ಹೊರಟವರಿಗೆ ನೆಂಟರು, ನೆರೆಯವರು, ಏಜೆಂಟರು ಕೊಡುವ ಮೊದಲ ಸಲಹೆ ಹೆಚ್ಚೂಕಡಿಮೆ ಒಂದೇ: ಊರಿನವರೇ ಆದ, ಪರಿಚಯದ ವಕೀಲರೊಬ್ಬರನ್ನು ಹಿಡಿಯಿರಿ, ಕೆಲಸ ಸಲೀಸಾಗಿ ಆಗುತ್ತದೆ. ಈ ಸಲಹೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಊರಿನ ವಕೀಲರಿಗೆ ಸಬ್ ರಿಜಿಸ್ಟ್ರಾರ್ ಕಚೇರಿ, ಸಿಟಿ ಸರ್ವೆ ಕಚೇರಿ, ತಹಶೀಲ್ದಾರರ ಕಚೇರಿಗಳ ನಡೆ ಗೊತ್ತಿರುತ್ತದೆ. ಮಾರುವವರ ಮನೆತನ ಯಾವುದು, ಅಣ್ಣತಮ್ಮಂದಿರ ನಡುವೆ ಜಗಳ ಇದೆಯೇ ಎಂಬುದು ಕಿವಿಗೆ ಬಿದ್ದಿರುತ್ತದೆ. ನಾಳೆ ತಕರಾರು ಬಂದರೆ ಕೈಗೆ ಸಿಗುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಅದೇ ಊರಿನಲ್ಲಿ ಬಾಳಿ ಬದುಕಬೇಕಾದವರು ಹೆಸರು ಕೆಡಿಸಿಕೊಳ್ಳಲು ಹಿಂಜರಿಯುತ್ತಾರೆ. ವಕೀಲರು ಜಾಹೀರಾತು ಕೊಡುವುದನ್ನು ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮಗಳು ನಿಷೇಧಿಸಿರುವುದರಿಂದ, ಯಾರು ಯಾವ ಕೆಲಸದಲ್ಲಿ ಪಳಗಿದವರು ಎಂದು ತಿಳಿಯಲು ಜನರಿಗೆ ಪರಿಚಯಸ್ಥರ ಬಾಯಿಮಾತನ್ನು ಬಿಟ್ಟರೆ ಬೇರೆ ದಾರಿಯೂ ಕಡಿಮೆ.

ಆದರೆ ಈ ಸಲಹೆಯೊಳಗೆ ಮೂರು ಬೇರೆ ಬೇರೆ ಸಂಗತಿಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು, ಆ ಸೀಮೆಯ ಜಮೀನು ದಾಖಲೆಗಳ ಪರಿಚಯ. ಎರಡು, ಅಲ್ಲಿನ ಕಚೇರಿಗಳ ಪರಿಚಯ. ಮೂರು, ವ್ಯವಹಾರದಲ್ಲಿ ತೊಡಗಿರುವ ಜನರ ಪರಿಚಯ. ಒಂದು ಇದ್ದಲ್ಲಿ ಉಳಿದೆರಡೂ ಇರುತ್ತವೆ, ಮೂರೂ ಕೊಳ್ಳುವವರಿಗೆ ಸಮನಾಗಿ ಒಳ್ಳೆಯವು ಎಂದು ನಾವು ಭಾವಿಸಿದ್ದೇವೆ. ನನ್ನ ವಾದ ಇಷ್ಟೇ: ಮೊದಲನೆಯದು ಇಲ್ಲದೆ ಬೆಳಗಾವಿ, ಖಾನಾಪುರಗಳಲ್ಲಿ ಆಸ್ತಿ ಕೊಳ್ಳುವುದು ಅಪಾಯ, ಎರಡನೆಯದರ ಬೆಲೆ ಈಗ ಬಹಳ ಇಳಿದಿದೆ, ಮೂರನೆಯದು ಅನೇಕ ಸಲ ಕೊಳ್ಳುವವರಿಗೇ ಮುಳುವಾಗುತ್ತದೆ. ಈಚೆಗೆ ಹುಟ್ಟಿಕೊಂಡಿರುವ ಎದುರು ವಾದವೂ ಇದೇ ಗೊಂದಲದಲ್ಲಿ ಸಿಲುಕಿದೆ. ಎಲ್ಲವೂ ಆನ್‌ಲೈನ್ ಆಗಿರುವಾಗ ಬೆಂಗಳೂರಿನಲ್ಲೋ ಪುಣೆಯಲ್ಲೋ ಕುಳಿತ ವಕೀಲರಾದರೂ ಸಾಕು ಎನ್ನುವವರು ಕಚೇರಿಯ ಪರಿಚಯ ಬೇಕಿಲ್ಲವಾದ್ದರಿಂದ ದಾಖಲೆಯ ಪರಿಚಯವೂ ಬೇಕಿಲ್ಲ ಎಂದುಕೊಳ್ಳುತ್ತಾರೆ.

ವಕೀಲರಿಂದ ನಾವು ಕೊಳ್ಳುವುದು ಏನನ್ನು ಎಂಬುದು ಮೊದಲು ಸ್ಪಷ್ಟವಾಗಬೇಕು. ರಿಜಿಸ್ಟರ್ ಆಯಿತೆಂದರೆ ಆಸ್ತಿ ನಮ್ಮದಾಯಿತು ಎಂಬ ನಂಬಿಕೆ ಓದಿದವರಲ್ಲೂ ಬೇರೂರಿದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಕಲಮಿನ ಪ್ರಕಾರ ನೂರು ರೂಪಾಯಿ ಅಥವಾ ಅದಕ್ಕೂ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಮಾರಾಟಕ್ಕೆ ನೋಂದಾಯಿತ ಪತ್ರ ಬೇಕೇ ಬೇಕು. ಆದರೆ 1908ರ ನೋಂದಣಿ ಕಾಯ್ದೆಯಡಿ ಉಪನೋಂದಣಾಧಿಕಾರಿ ನೋಡುವುದು ಮುಖ್ಯವಾಗಿ ಪತ್ರ ಬರೆದುಕೊಟ್ಟವರು ಇವರೇ ಹೌದೇ, ಬರೆದುಕೊಟ್ಟದ್ದನ್ನು ಒಪ್ಪುತ್ತಾರೆಯೇ, ಮುದ್ರಾಂಕ ಶುಲ್ಕ ಸರಿಯಾಗಿ ಸಂದಿದೆಯೇ ಎಂಬುದನ್ನು. ಬರೆದುಕೊಡುವವರಿಗೆ ಮಾರುವ ಹಕ್ಕು ನಿಜವಾಗಿ ಇದೆಯೇ ಎಂದು ತೀರ್ಮಾನಿಸುವ ಅಧಿಕಾರ ಅವರದಲ್ಲ. ತಮಿಳುನಾಡಿನ ನಿಯಮವೊಂದನ್ನು ರದ್ದುಮಾಡುತ್ತ ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಇದನ್ನೇ ಮತ್ತೆ ಹೇಳಿತು. ಖಾತೆ ಬದಲಾದರೂ ಅಷ್ಟೇ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 133ನೇ ಕಲಮು ಹಕ್ಕು ದಾಖಲೆಯ ನಮೂದನ್ನು ಬೇರೆಯಾಗಿ ಸಾಬೀತಾಗುವ ತನಕ ಮಾತ್ರ ಸರಿಯೆಂದು ಭಾವಿಸುತ್ತದೆ. 60 ಲಕ್ಷ ರೂಪಾಯಿಯ ಮನೆಗೆ ಶೇ 5ರಂತೆ 3 ಲಕ್ಷ ಮುದ್ರಾಂಕ ಶುಲ್ಕ, 2025ರ ಆಗಸ್ಟ್ 31ರಿಂದ ಶೇ 2ಕ್ಕೆ ಏರಿರುವ ನೋಂದಣಿ ಶುಲ್ಕದಂತೆ 1.20 ಲಕ್ಷ, ಅದರ ಮೇಲೆ ಸೆಸ್ಸು, ಸರ್ಚಾರ್ಜು ಕಟ್ಟಿದ ಮೇಲೂ ಮಾಲೀಕತ್ವದ ಬಗ್ಗೆ ಸರ್ಕಾರ ಯಾವ ಭರವಸೆಯನ್ನೂ ಕೊಡುವುದಿಲ್ಲ. ಇಂಗ್ಲೆಂಡಿನಲ್ಲಿ ಹೀಗಿಲ್ಲ: ಅಲ್ಲಿ ಭೂ ನೋಂದಣಿ ಇಲಾಖೆಯ ಪುಸ್ತಕದಲ್ಲಿ ಮಾಲೀಕರೆಂದು ದಾಖಲಾದವರ ಹಕ್ಕಿಗೆ ಸರ್ಕಾರವೇ ಹೊಣೆ, ತಪ್ಪಾದರೆ ಪರಿಹಾರವನ್ನೂ ಕೊಡುತ್ತದೆ. ಅಲ್ಲಿನ ಸಾಲಿಸಿಟರ್ ಆ ಪುಸ್ತಕದ ಮೇಲೆ ನಿಂತು ಕೆಲಸ ಮಾಡುತ್ತಾರೆ. ನಮ್ಮ ವಕೀಲರಿಗೆ ಅಂಥ ಪುಸ್ತಕ ಇಲ್ಲ. ಚದುರಿದ ಕಾಗದಗಳಿಂದ ಹಕ್ಕಿನ ಸರಪಳಿಯನ್ನು ಅವರೇ ಜೋಡಿಸಬೇಕು. ಆದ್ದರಿಂದ ನಾವು ಹಣ ಕೊಟ್ಟು ಪಡೆಯುವುದು ಖರೀದಿ ಪತ್ರದ ಕರಡನ್ನಲ್ಲ, ಆ ಜೋಡಣೆಯ ಬಗ್ಗೆ ಒಬ್ಬ ತಿಳಿದವರ ಅಭಿಪ್ರಾಯವನ್ನು.

ಈ ಜೋಡಣೆ ಬೆಳಗಾವಿಯಲ್ಲಿ ಯಾಕೆ ಕಷ್ಟ ಎಂಬುದನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. 1956ರ ನವೆಂಬರ್ 1ರವರೆಗೆ ಈ ಜಿಲ್ಲೆ ಮುಂಬೈ ರಾಜ್ಯದಲ್ಲಿತ್ತು. ಇಲ್ಲಿನ ದಾಖಲೆಗಳ ಅಚ್ಚು ಮುಂಬೈ ಪ್ರಾಂತದ್ದು, ಮೈಸೂರಿನದಲ್ಲ. ಹಳೆಯ ನಗರ ಭಾಗದಲ್ಲಿ ಆಸ್ತಿಯನ್ನು ಗುರುತಿಸುವುದು ಸಿ.ಟಿ.ಎಸ್. ನಂಬರಿನಿಂದ, ಅದರ ದಾಖಲೆ ಸಿಟಿ ಸರ್ವೆ ಕಚೇರಿಯ ಪ್ರಾಪರ್ಟಿ ಕಾರ್ಡು. ನಗರ ಬೆಳೆದು ಒಳಗೆ ಸೇರಿಸಿಕೊಂಡ ಅನಗೋಳ, ವಡಗಾವಿ, ಕಣಬರ್ಗಿಯ ಕಡೆ ಆರ್.ಎಸ್. (ರಿವಿಜನ್ ಸರ್ವೆ) ನಂಬರು, ಉತಾರ (ಪಹಣಿ), ಡೈರಿ (ಹಕ್ಕು ಬದಲಾವಣೆಯ ನಮೂದು). ಶಹಾಪುರ 1948ರವರೆಗೆ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತಾದ್ದರಿಂದ ಅಲ್ಲಿನ ಹಳೆಯ ಕಾಗದದ ಮೂಲವೇ ಬೇರೆ. ಕ್ಯಾಂಪ್ (ದಂಡು) ಪ್ರದೇಶಕ್ಕೆ ಬಂದರೆ ಇವು ಯಾವುವೂ ನಡೆಯುವುದಿಲ್ಲ; ಅಲ್ಲಿ ಜನರಲ್ ಲ್ಯಾಂಡ್ ರಿಜಿಸ್ಟರ್ ನೋಡಬೇಕು. ಓಲ್ಡ್ ಗ್ರ್ಯಾಂಟ್ ಎಂದು ಅದರಲ್ಲಿ ದಾಖಲಾದ ಬಂಗಲೆಯಾದರೆ ನೆಲ ಭಾರತ ಸರ್ಕಾರದ್ದು, ಮಾರಲು ಬರುವುದು ಮೇಲಿನ ಕಟ್ಟಡ ಮಾತ್ರ. ಬುಡಾ (ಬೆಳಗಾವಿ ನಗರಾಭಿವೃದ್ಧಿ ಪ್ರಾಧಿಕಾರ) ಹಂಚಿದ ನಿವೇಶನಕ್ಕೆ ಹಂಚಿಕೆ ಪತ್ರ, ಸ್ವಾಧೀನ ಪತ್ರ, ಷರತ್ತಿನ ಅವಧಿ ಮುಗಿದ ಮೇಲಿನ ಖರೀದಿ ಪತ್ರ ಹೀಗೆ ಮತ್ತೊಂದು ಸರಪಳಿ. ಹೊರವಲಯದ ಗುಂಟಾ ಪ್ಲಾಟುಗಳಲ್ಲಿ ಎನ್.ಎ. (ಕೃಷಿಯೇತರ ಪರಿವರ್ತನೆ) ಆಗಿಲ್ಲದ ಹೊಲವನ್ನು ತುಂಡು ಮಾಡಿ ನೂರು ರೂಪಾಯಿಯ ಬಾಂಡ್ ಪೇಪರಿನ ಮೇಲೆ ಕೈ ಬದಲಾಯಿಸಿದ್ದುಂಟು. ಅಂಥ ಕಾಗದದಿಂದ ಮಾಲೀಕತ್ವ ಹುಟ್ಟುವುದಿಲ್ಲ. ಜನರಲ್ ಪವರ್ ಆಫ್ ಅಟಾರ್ನಿಯ ಮೇಲಿನ ಮಾರಾಟಕ್ಕೂ ಇದೇ ಗತಿ ಎಂದು ಸುಪ್ರೀಂ ಕೋರ್ಟಿನ 2011ರ ಸೂರಜ್ ಲ್ಯಾಂಪ್ ತೀರ್ಪು ಹೇಳಿದೆ. ಈಗ ಸರ್ಕಾರ ಅನಧಿಕೃತ ಬಡಾವಣೆಗಳ ಆಸ್ತಿಗೆ ಬಿ ಖಾತೆ ಕೊಡುತ್ತಿರುವುದನ್ನೇ ಹಕ್ಕಿನ ಪುರಾವೆ ಎಂದು ತೋರಿಸುವವರಿದ್ದಾರೆ. ಖಾತೆ ತೆರಿಗೆಯ ಲೆಕ್ಕ ಅಷ್ಟೇ. ಒಂದೇ ನಗರದಲ್ಲಿ ಇಷ್ಟು ಬಗೆಯ ಸರಪಳಿಗಳಿರುವಾಗ, ಎಲ್ಲಿ ಯಾವುದನ್ನು ಕೇಳಬೇಕು ಎಂದು ತಿಳಿದಿರುವುದೇ ಅರ್ಧ ಕೆಲಸ.

ಇನ್ನರ್ಧ ಕೆಲಸ ಇರುವುದು ಹಿಂದಿನ ಕಾಯ್ದೆಗಳಲ್ಲಿ. ಇಂದು ಮನೆ ನಿಂತಿರುವ ಜಾಗ ಒಂದು ಕಾಲಕ್ಕೆ ಹೊಲವಾಗಿತ್ತು. ಆ ಹೊಲ ಇನಾಮಿನದೇ, ವತನದ್ದೇ, ಗೇಣಿಗೆ ಕೊಟ್ಟದ್ದೇ ಎಂಬುದರ ಮೇಲೆ ಇಂದಿನ ಹಕ್ಕು ನಿಂತಿದೆ. ಕುಲಕರ್ಣಿ ವತನಗಳು 1950ರ ಮುಂಬೈ ಕಾಯ್ದೆಯಿಂದ, ವೈಯಕ್ತಿಕ ಇನಾಮುಗಳು 1952ರ ಕಾಯ್ದೆಯಿಂದ ರದ್ದಾದವು. ಗ್ರಾಮ ಸೇವೆಯ ಉಳಿದ ಹುದ್ದೆಗಳ ಜಮೀನುಗಳಿಗೆ 1961ರ ಕರ್ನಾಟಕ ಕಾಯ್ದೆ ಬಂತು. ಮರುಮಂಜೂರಾದ ಜಮೀನು ಮಾರಲು ಅನುಮತಿ ಬೇಕಿತ್ತೇ, ಪಡೆದಿದ್ದರೇ ಎಂಬ ಪ್ರಶ್ನೆ ಇಂದಿಗೂ ಏಳುತ್ತದೆ. ಗೇಣಿ ಜಮೀನುಗಳೆಲ್ಲ 1974ರ ಮಾರ್ಚ್ 1ರಂದು ಸರ್ಕಾರಕ್ಕೆ ಸೇರಿದವು. ಭೂ ನ್ಯಾಯಮಂಡಳಿಯಿಂದ ಗೇಣಿದಾರರಿಗೆ ಬಂದ ಜಮೀನನ್ನು 15 ವರ್ಷ ಮಾರುವಂತಿರಲಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿ ಇಲ್ಲದೆ ಕೊಂಡಿದ್ದರೆ 1978ರ ಕಾಯ್ದೆ ಆ ಮಾರಾಟವನ್ನು ಅಸಿಂಧುವಾಗಿಸುತ್ತದೆ, ಅದನ್ನು ಪ್ರಶ್ನಿಸಲು ಕಾಲಮಿತಿ ಇಲ್ಲ ಎಂದು 2023ರ ತಿದ್ದುಪಡಿ ಹೇಳುತ್ತದೆ. ಇವನ್ನೆಲ್ಲ ಪುಸ್ತಕದಿಂದ ಓದಿ ತಿಳಿಯಬಹುದು. ಆದರೆ ಹಳೆಯ ಉತಾರದ ‘ಇತರ ಹಕ್ಕು’ ಕಾಲಮಿನಲ್ಲಿ ಅಳಿಸಿಹೋಗುವಂತಿರುವ ಎರಡು ಪದ ಕಂಡಾಗ, ಇದು ಯಾವ ಕಾಯ್ದೆಯ ಕುರುಹು, ಇದಕ್ಕೆ ಯಾವ ಕಚೇರಿಯಲ್ಲಿ ಯಾವ ಆದೇಶದ ನಕಲು ಕೇಳಬೇಕು ಎಂದು ಹೊಳೆಯಬೇಕಾದರೆ ಅಂಥ ಉತಾರಗಳನ್ನು ನೂರಾರು ಸಲ ಓದಿದ ಕಣ್ಣು ಬೇಕು.

ಕುಟುಂಬದ ಹಕ್ಕುಗಳಲ್ಲಿ ಈ ಕಣ್ಣು ಇನ್ನೂ ಹೆಚ್ಚು ಬೇಕಾಗುತ್ತದೆ. ಈ ಸೀಮೆಯಲ್ಲಿ ವಾಟ್ನಿಯಾಗಲಿ (ಪಾಲು) ವಾರಸಾ ಆಗಲಿ (ಉತ್ತರಾಧಿಕಾರ) ಅನೇಕ ವೇಳೆ ನೋಂದಾಯಿತ ಪತ್ರದಿಂದ ಆದದ್ದಲ್ಲ, ತಲಾಟಿಯವರಿಗೆ ಕೊಟ್ಟ ವರ್ದಿಯಿಂದ ಆದದ್ದು. ಅಣ್ಣನ ಹೆಸರು ಏಕತ್ರ ಕುಟುಂಬದ ಮ್ಯಾನೇಜರ್ ಎಂದು ಉತಾರಕ್ಕೆ ಏರಿತು. ಸಹೋದರಿಯರು ಹಕ್ಕು ಬಿಟ್ಟಿದ್ದಾರೆ ಎಂದು ಡೈರಿಯಲ್ಲಿ ಒಂದು ಸಾಲು ಬಿತ್ತು. ಮುಂದಿನ ಉತಾರದಲ್ಲಿ ಮ್ಯಾನೇಜರ್ ಎಂಬುದು ಬಿಟ್ಟುಹೋಗಿ ಅಣ್ಣ ಒಬ್ಬನೇ ಮಾಲೀಕನಂತೆ ಕಾಣತೊಡಗಿದ. ಕಂಪ್ಯೂಟರಿನ ಉತಾರ ಮಾತ್ರ ನೋಡುವವರಿಗೆ ಅದರ 9ನೇ ಕಾಲಮಿನಲ್ಲಿ ಒಂದೇ ಹೆಸರು, 11ರಲ್ಲಿ ಯಾವ ಬೋಜಾ (ಋಣ) ಇಲ್ಲ. ಹಳೆಯ ಡೈರಿ ತೆಗೆಸಿ ಓದಿದವರಿಗೆ ಮೂವರು ಸಹೋದರಿಯರು ಕಾಣುತ್ತಾರೆ. ಕರ್ನಾಟಕದಲ್ಲಿ 1994ರಿಂದ, ದೇಶಕ್ಕೆಲ್ಲ 2005ರಿಂದ ಹೆಣ್ಣುಮಕ್ಕಳು ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದಲೇ ಪಾಲುದಾರರು. ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪು ಇದ್ದ ಸಂದೇಹವನ್ನೂ ಬಗೆಹರಿಸಿತು. ಡೈರಿಯ ಒಂದು ಸಾಲಿನಿಂದ ಅವರ ಹಕ್ಕು ಮುಗಿದುಹೋಗುವುದಿಲ್ಲ. ಹಳೆಯ ಖರೀದಿ ಪತ್ರಗಳು ಮರಾಠಿಯಲ್ಲಿವೆ, ಇನ್ನೂ ಹಿಂದಿನವು ಮೋಡಿ ಲಿಪಿಯಲ್ಲಿವೆ. ಮೋಡಿ ಓದಬಲ್ಲವರು ಬೆರಳೆಣಿಕೆಯಷ್ಟು. ಅದನ್ನು ಓದಿಸದೆ ‘ಹಳೆಯ ಪತ್ರ ಇದೆ’ ಎಂದಷ್ಟೇ ಬರೆದುಕೊಡುವ ಅಭಿಪ್ರಾಯಕ್ಕೆ ಬೆಲೆ ಇಲ್ಲ.

ಖಾನಾಪುರದ ಮಾತೇ ಬೇರೆ. ಬೆಳಗಾವಿಯಿಂದ ಅಲ್ಲಿಗೆ ಮುಕ್ಕಾಲು ಗಂಟೆಯ ದಾರಿ. ಇಷ್ಟು ಹತ್ತಿರವಿರುವುದರಿಂದ ಬೆಳಗಾವಿಯ ವಕೀಲರೇ ಖಾನಾಪುರಕ್ಕೂ ಊರಿನವರು ಎಂದು ಎಲ್ಲರೂ ಎಣಿಸುತ್ತಾರೆ. ಜಂಬೋಟಿ, ಕಣಕುಂಬಿ, ಲೋಂಡಾ ಕಡೆ ಹಸಿರಿನ ನಡುವೆ ತೋಟದ ಮನೆ ಕಟ್ಟುವ ಆಸೆಯಿಂದ ಜಮೀನು ಕೊಳ್ಳಲು ಹೊರಟವರು ಇಲ್ಲೇ ಎಡವುವುದು. ಸಿ.ಟಿ.ಎಸ್. ಕಾರ್ಡುಗಳಲ್ಲಿ ನಿಷ್ಣಾತರಾದವರಿಗೆ ಕಾಡಂಚಿನ ಸರ್ವೆ ನಂಬರಿನ ಪ್ರಶ್ನೆಗಳು ಹೊಳೆಯದೇ ಹೋಗಬಹುದು. ಆ ಸರ್ವೆ ನಂಬರಿನಲ್ಲಿ 1963ರ ಕರ್ನಾಟಕ ಅರಣ್ಯ ಕಾಯ್ದೆಯ 4ನೇ ಕಲಮಿನ ಅಧಿಸೂಚನೆ ಯಾವಾಗಲಾದರೂ ಹೊರಟಿತ್ತೇ? ಸುಪ್ರೀಂ ಕೋರ್ಟಿನ 1996ರ ಗೋದಾವರ್ಮನ್ ಆದೇಶದ ನಂತರ ತಯಾರಾದ ಪರಿಭಾವಿತ ಅರಣ್ಯದ ಪಟ್ಟಿಯಲ್ಲಿ ಅದು ಸೇರಿದೆಯೇ? 2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಜೀವಿ ಧಾಮದ ಒಳಗೋ ಅಂಚಿನಲ್ಲೋ ಬರುತ್ತದೆಯೇ? ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯಲ್ಲಿ ಆ ಹಳ್ಳಿ ಇದೆಯೇ? ಹಳ್ಳಿಯ ಒಳಗಿನ ಮನೆಯಾದರೆ ಅದು ಗಾಂವಠಾಣದ (ಊರ ವಸತಿ ನೆಲೆ) ಜಾಗವೇ, ಇ-ಸ್ವತ್ತಿನಲ್ಲಿ ನಮೂನೆ 9 ಸಿಕ್ಕಿದೆಯೇ, 11-ಬಿ ಮಾತ್ರವೇ? ಸರ್ವೆ ನಂಬರಿನ ಒಂದು ಭಾಗ ಕೊಳ್ಳುವುದಾದರೆ 11-ಇ ನಕ್ಷೆ ಆಗಿದೆಯೇ? ಇವುಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಉತಾರದಲ್ಲೂ ಇಲ್ಲ, ಋಣಭಾರ ಪತ್ರದಲ್ಲೂ ಇಲ್ಲ. ಅರಣ್ಯ ಇಲಾಖೆಯಲ್ಲಿದೆ, ಪಂಚಾಯಿತಿಯಲ್ಲಿದೆ, ಭೂಮಾಪನ ಕಚೇರಿಯಲ್ಲಿದೆ. ಹಾಗಾಗಿ ವಕೀಲರ ಮನೆ ಎಲ್ಲಿದೆ ಎಂದು ಕೇಳಿ ಪ್ರಯೋಜನವಿಲ್ಲ. ಇಂಥದೇ ಜಮೀನಿನ ಕಾಗದ ಎಷ್ಟು ನೋಡಿದ್ದಾರೆ ಎಂದು ಕೇಳಬೇಕು.

ಇಲ್ಲಿಗೆ ಆನ್‌ಲೈನ್ ವಾದಿಗಳ ಆಕ್ಷೇಪವನ್ನು ಎತ್ತಿಕೊಳ್ಳಬಹುದು. ಭೂಮಿ ತಂತ್ರಾಂಶದಲ್ಲಿ ಉತಾರ, ಕಾವೇರಿಯಲ್ಲಿ ಋಣಭಾರ ಪತ್ರ, ಇ-ಆಸ್ತಿಯಲ್ಲಿ ಖಾತೆ, ಇ-ಕೋರ್ಟ್ಸ್‌ನಲ್ಲಿ ದಾವೆಗಳ ಸ್ಥಿತಿ, ಎಲ್ಲವೂ ಬೆರಳ ತುದಿಯಲ್ಲಿವೆ ಎಂಬುದು ನಿಜ. ಇದು ದೊಡ್ಡ ಉಪಕಾರ. ಕೊಳ್ಳುವವರು ವಕೀಲರ ಬಳಿಗೆ ಹೋಗುವ ಮುನ್ನವೇ ಇವನ್ನು ಸ್ವತಃ ತೆಗೆದು ನೋಡಬೇಕು. ಆದರೆ ಕಾವೇರಿಯಲ್ಲಿ ಋಣಭಾರದ ಹುಡುಕಾಟ ಸಲೀಸಾಗಿ ನಡೆಯುವುದು 2004ರ ಏಪ್ರಿಲ್‌ನಿಂದೀಚಿನ ಅವಧಿಗೆ. ಖಾಸಗಿಯವರ ವಿರುದ್ಧ 12 ವರ್ಷ, ಸರ್ಕಾರದ ವಿರುದ್ಧ 30 ವರ್ಷ ಎಂದು ಕಾಲಮಿತಿ ಕಾಯ್ದೆ ಇಟ್ಟಿರುವುದರಿಂದ ಎಚ್ಚರದ ವಕೀಲರು ಕನಿಷ್ಠ 30 ವರ್ಷದ ದಾಖಲೆ ನೋಡುತ್ತಾರೆ, ಇನಾಮು ಅಥವಾ ಗೇಣಿಯ ಸುಳಿವು ಸಿಕ್ಕರೆ ಇನ್ನೂ ಹಿಂದಕ್ಕೆ ಹೋಗುತ್ತಾರೆ. ಅಷ್ಟು ಹಿಂದಕ್ಕೆ ಹೋದಾಗ ಸಿಗುವುದು ಕೈಬರಹದ ಸೂಚಿ ಪುಸ್ತಕಗಳು. ಋಣಭಾರ ಪತ್ರದ ಸ್ವಭಾವವೂ ಗೊತ್ತಿರಬೇಕು. ಅದು ನೋಂದಣಿಯಾದ ಪತ್ರಗಳ ಪಟ್ಟಿ. ಬಾಯಿಮಾತಿನ ವಾಟ್ನಿ, ನೋಂದಣಿಯಾಗದ ಮೃತ್ಯುಪತ್ರ, ಬಾಕಿ ಇರುವ ದಾವೆ, ಮನೆಯಲ್ಲಿ ಕುಳಿತ ಬಾಡಿಗೆದಾರರ ಹಕ್ಕು ಅದರಲ್ಲಿ ಬರುವುದಿಲ್ಲ. ಹಿಸ್ಸಾ ನಂಬರು ಬದಲಾದ ಆಸ್ತಿಯನ್ನು ಹೊಸ ನಂಬರಿನಿಂದ ಮಾತ್ರ ಹುಡುಕಿದರೆ ಹಳೆಯ ನಂಬರಿನ ಮೇಲಿನ ಸಾಲ ಕಾಣದು. ಯಾವ ಯಾವ ನಂಬರಿನಿಂದ ಹುಡುಕಬೇಕು ಎಂದು ಹೇಳಬಲ್ಲದ್ದು ದಾಖಲೆಯ ಪರಿಚಯವೇ.

ಎರಡನೆಯ ಸಂಗತಿ, ಕಚೇರಿಯ ಪರಿಚಯ. ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2023ರಲ್ಲಿ ಕಾವೇರಿ 2.0 ಬಂದ ಮೇಲೆ ಪತ್ರದ ವಿವರ ತುಂಬುವುದು, ಶುಲ್ಕ ಕಟ್ಟುವುದು, ಸಮಯ ಕಾದಿರಿಸುವುದು ಮನೆಯಿಂದಲೇ ಆಗುತ್ತದೆ. 2024ರ ಸೆಪ್ಟೆಂಬರ್‌ನಿಂದ ಜಿಲ್ಲೆಯ ಯಾವ ಉಪನೋಂದಣಿ ಕಚೇರಿಯಲ್ಲಾದರೂ ನೋಂದಣಿ ಮಾಡಿಸಬಹುದು; ಖಾನಾಪುರದ ಆಸ್ತಿಗೆ ಬೆಳಗಾವಿಯಲ್ಲಿ ಸಹಿ ಹಾಕಬಹುದು. ಇಂಥ ಕಚೇರಿಯಲ್ಲಿ ತಮಗೆ ಜನ ಗೊತ್ತು, ಸಂಜೆಯೊಳಗೆ ಕೆಲಸ ಮುಗಿಸಿಕೊಡುತ್ತೇನೆ ಎನ್ನುವವರು ಮಾರುವ ಸರಕು ವೇಗ. ಆದರೆ ಜೀವನದ ಗಳಿಕೆಯನ್ನೆಲ್ಲ ಸುರಿದು ಮನೆ ಕೊಳ್ಳುವವರಿಗೆ ವೇಗದಿಂದ ಲಾಭ ಏನು? ವೇಗ ಬೇಕಿರುವುದು ಹಣ ಎಣಿಸಿಕೊಳ್ಳಬೇಕಾದ ಮಾರುವವರಿಗೆ, ಕಮಿಷನ್ ಪಡೆಯಬೇಕಾದ ಏಜೆಂಟರಿಗೆ. ಕೊಳ್ಳುವವರ ಪಾಲಿಗೆ ಹತ್ತು ದಿನ ತಡವಾಗುವುದು ಅನೇಕ ಸಲ ಹತ್ತು ವರ್ಷದ ದಾವೆಯನ್ನು ತಪ್ಪಿಸುತ್ತದೆ.

ಮೂರನೆಯದಾದ ಜನರ ಪರಿಚಯವೇ ನನ್ನ ದೃಷ್ಟಿಯಲ್ಲಿ ಹೆಚ್ಚು ಕೇಡು ಮಾಡುವಂಥದು. ಏಜೆಂಟರು ತೋರಿಸಿದ ಮನೆ, ಏಜೆಂಟರೇ ಕರೆತಂದ ವಕೀಲರು, ಅವರೇ ಮಾರುವವರ ಕಾಗದ ನೋಡಿದವರು, ಅವರೇ ಖರೀದಿ ಪತ್ರ ಬರೆಯುವವರು. ಎರಡೂ ಕಡೆಯ ಖರ್ಚು ಉಳಿಯಿತು ಎಂದು ಎಲ್ಲರಿಗೂ ಸಮಾಧಾನ. ಈ ವ್ಯವಸ್ಥೆಯಲ್ಲಿ ಯಾರೂ ಕೆಟ್ಟವರಾಗಿರಬೇಕಿಲ್ಲ ಎಂಬುದನ್ನು ಒತ್ತಿ ಹೇಳುತ್ತೇನೆ. ವಕೀಲರು ಪ್ರಾಮಾಣಿಕರೇ ಆಗಿರಬಹುದು. ತೊಡಕು ಇರುವುದು ವ್ಯಕ್ತಿಯ ಗುಣದಲ್ಲಲ್ಲ, ಅವರನ್ನು ನಿಲ್ಲಿಸಿರುವ ಜಾಗದಲ್ಲಿ. ಕಾಗದದಲ್ಲಿ ಒಂದು ಸಂದೇಹ ಕಂಡಾಗ ಅದನ್ನು ಗಟ್ಟಿಯಾಗಿ ಹೇಳಿದರೆ ವ್ಯವಹಾರ ಮುರಿಯುತ್ತದೆ. ಮುರಿದರೆ ಮಾರುವವರಿಗೆ ನಷ್ಟ, ಏಜೆಂಟರಿಗೆ ನಷ್ಟ, ಮುಂದಿನ ಹತ್ತು ಕಕ್ಷಿದಾರರನ್ನು ಕರೆತರಬೇಕಾದ ಏಜೆಂಟರ ವಿಶ್ವಾಸವೂ ಹೋಗುತ್ತದೆ. ಕೊಳ್ಳುವವರು ಜೀವನದಲ್ಲಿ ಒಮ್ಮೆಯೋ ಎರಡು ಸಲವೋ ಬರುವವರು, ಏಜೆಂಟರು ವಾರವಾರ ಬರುವವರು. ಸಂದೇಹ ದೊಡ್ಡದಾಗಿದ್ದರೆ ಒಳ್ಳೆಯ ವಕೀಲರು ಹೇಳಿಯೇ ಹೇಳುತ್ತಾರೆ. ಸಂದೇಹ ನಡುಮಧ್ಯದ್ದಾಗಿದ್ದರೆ? ‘ಏನೂ ಆಗುವುದಿಲ್ಲ, ನಡೆಯುತ್ತದೆ’ ಎಂಬ ಮಾತು ಹುಟ್ಟುವುದು ಅಂಥ ಹೊತ್ತಿನಲ್ಲೇ, ಆಸ್ತಿಯ ದಾವೆಗಳಿಗೆ ಮೂಲವೂ ಅಂಥ ನಡುಮಧ್ಯದ ಸಂದೇಹಗಳೇ. ಮಾರುವವರ ಹಿತ, ಕೊಳ್ಳುವವರ ಹಿತ ಪತ್ರದ ಪ್ರತಿಯೊಂದು ಷರತ್ತಿನಲ್ಲೂ ಎದುರುಬದುರು ನಿಂತಿರುತ್ತವೆ: ಹಕ್ಕಿನಲ್ಲಿ ದೋಷ ಬಂದರೆ ಹಣ ಯಾರು ಮರಳಿಸಬೇಕು, ಸ್ವಾಧೀನ ಯಾವತ್ತು, ಬಾಕಿ ತೆರಿಗೆ ಯಾರದು. ಒಬ್ಬರೇ ವಕೀಲರು ಎರಡೂ ಕಡೆ ವಾದಿಸಲಾರರು.

ಇದಕ್ಕೆ ಒಂದು ಗಟ್ಟಿ ಆಕ್ಷೇಪ ಇದೆ. ಕಾಗದದಲ್ಲಿ ಇಲ್ಲದ್ದೇ ಹೆಚ್ಚು ಅಪಾಯಕಾರಿ ಎಂದು ನೀವೇ ಹೇಳಿದಿರಿ. ಬಾಯಿಮಾತಿನ ವಾಟ್ನಿ, ಕೊಲ್ಲಾಪುರಕ್ಕೆ ಮದುವೆಯಾಗಿ ಹೋದ ತಂಗಿ, ಮೊದಲೇ ಬೇರೊಬ್ಬರಿಂದ ಪಡೆದ ಸಂಚಕಾರ, ಇವು ಜನರ ಪರಿಚಯ ಇರುವವರಿಗಲ್ಲದೆ ಇನ್ನಾರಿಗೆ ತಿಳಿದಾವು? ಈ ಮಾತನ್ನು ಅರ್ಧ ಒಪ್ಪುತ್ತೇನೆ. ಅಂಥ ಸುದ್ದಿ ಬೇಕೇ ಬೇಕು. ಆದರೆ ಸುದ್ದಿ ಇರುವವರು ಅದನ್ನು ನಿಮಗೆ ಹೇಳುತ್ತಾರೆ ಎಂಬುದಕ್ಕೆ ಅವರು ನಿಮ್ಮ ಕಡೆಯವರಾಗಿರುವುದೊಂದೇ ಆಧಾರ. ಮಾರುವವರ ಮನೆತನವನ್ನು ಮೂವತ್ತು ವರ್ಷದಿಂದ ಬಲ್ಲವರಿಗೆ ಆ ಮನೆಯ ಗುಟ್ಟೂ ಗೊತ್ತು, ಆ ಮನೆಯ ದಾಕ್ಷಿಣ್ಯವೂ ಇರುತ್ತದೆ. ಇಂಥ ಸಂಗತಿಗಳನ್ನು ಹೊರಗೆಳೆಯಲು ದಾಕ್ಷಿಣ್ಯ ಇಲ್ಲದ ಉಪಾಯಗಳಿವೆ: ಸ್ಥಳೀಯ ಕನ್ನಡ, ಮರಾಠಿ ಪತ್ರಿಕೆಗಳೆರಡರಲ್ಲೂ ಸಾರ್ವಜನಿಕ ಪ್ರಕಟಣೆ, ಪ್ರಮಾಣ ಪತ್ರದೊಂದಿಗೆ ಪೂರ್ಣ ವಂಶಾವಳಿ, ಮಾರುವವರ ಹೆಸರಿನ ಮೇಲೆ ನ್ಯಾಯಾಲಯಗಳಲ್ಲಿ ಹುಡುಕಾಟ (ಏಕೆಂದರೆ ದಾವೆ ನಡೆಯುತ್ತಿರುವಾಗ ಕೊಂಡವರು ಅದು ಗೊತ್ತಿರದಿದ್ದರೂ ಅದರ ತೀರ್ಪಿಗೆ ಬದ್ಧರು), ಸಹೋದರಿಯರನ್ನೂ ಸಹಿದಾರರಾಗಿ ಪತ್ರಕ್ಕೆ ಸೇರಿಸಿಕೊಳ್ಳುವುದು. ಅಕ್ಕಪಕ್ಕದ ಮನೆಯವರನ್ನು ಮಾತನಾಡಿಸುವುದು ಕೊಳ್ಳುವವರೇ ಮಾಡಬಹುದಾದ, ಮಾಡಲೇಬೇಕಾದ ಕೆಲಸ. ಮನೆಯಲ್ಲಿ ಬೇರೆಯವರು ವಾಸವಿದ್ದರೆ ಅವರ ಹಕ್ಕು ನಿಮಗೆ ತಿಳಿದಿತ್ತೆಂದೇ ಕಾನೂನು ಭಾವಿಸುತ್ತದೆ.

ಮತ್ತೊಂದು ಸಮಾಧಾನ ಬ್ಯಾಂಕಿನದು. ಬ್ಯಾಂಕು ಸಾಲ ಕೊಡುತ್ತಿದೆ, ಅವರ ಪ್ಯಾನೆಲ್ ವಕೀಲರು ನೋಡಿದ್ದಾರೆ, ಇನ್ನೇಕೆ ಬೇರೆ ವಕೀಲರು ಎನ್ನುತ್ತಾರೆ. ಆ ವರದಿಯಲ್ಲಿ ಮೇಲೆ ಯಾರ ವಿಳಾಸವಿದೆ ನೋಡಿ. ಅದು ಬ್ಯಾಂಕಿಗೆ ಬರೆದದ್ದು. ಬ್ಯಾಂಕು ಕೇಳುವ ಪ್ರಶ್ನೆ ಸಾಲ ವಸೂಲಾಗುತ್ತದೆಯೇ ಎಂಬುದು; ಅದಕ್ಕೆ ಆಸ್ತಿಯ ಜೊತೆ ನಿಮ್ಮ ಸಂಬಳವಿದೆ, ಜಾಮೀನುದಾರರಿದ್ದಾರೆ. ಆಸ್ತಿ ಕೈತಪ್ಪಿದರೂ ಕಂತು ಕಟ್ಟಬೇಕಾದವರು ನೀವೇ. ಅಭಿಪ್ರಾಯ ತಪ್ಪಾಗಿದ್ದ ಮಾತ್ರಕ್ಕೆ ಪ್ಯಾನೆಲ್ ವಕೀಲರನ್ನು ಕ್ರಿಮಿನಲ್ ಹೊಣೆಗಾರರನ್ನಾಗಿ ಮಾಡಲಾಗದು ಎಂದು 2012ರ ಕೆ. ನಾರಾಯಣ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಬರುವುದಿಲ್ಲ ಎಂದು 2024ರ ಮೇ ತಿಂಗಳಲ್ಲಿ ಹೇಳಿತು. ಎರಡೂ ತೀರ್ಪುಗಳಿಗೆ ತಮ್ಮದೇ ಕಾರಣಗಳಿವೆ. ಕೊಳ್ಳುವವರ ಮಟ್ಟಿಗೆ ಅವುಗಳ ಅರ್ಥ ಇಷ್ಟು: ವಕೀಲರು ತಪ್ಪು ಮಾಡಿದ ಮೇಲೆ ನಷ್ಟ ತುಂಬಿಸಿಕೊಳ್ಳುವ ದಾರಿ ಕಿರಿದು, ಆದ್ದರಿಂದ ಆಯ್ಕೆಯಲ್ಲೇ ಜಾಗ್ರತೆ ವಹಿಸಬೇಕು. ಊರಿನವರಾದ್ದರಿಂದ ಹೆಸರಿಗೆ ಅಂಜುತ್ತಾರೆ ಎಂಬ ವಾದವೂ ಇಲ್ಲಿ ಸಡಿಲವಾಗುತ್ತದೆ. ಆಸ್ತಿಯ ದೋಷ ಹೊರಬೀಳುವುದು ಹತ್ತು ಹದಿನೈದು ವರ್ಷಗಳ ನಂತರ, ಅಷ್ಟು ಹೊತ್ತಿಗೆ ಯಾರು ಏನು ಹೇಳಿದ್ದರೆಂಬ ನೆನಪು ಯಾರಿಗೂ ಉಳಿದಿರುವುದಿಲ್ಲ, ಬರಹದಲ್ಲಿ ಇದ್ದರೆ ಹೊರತು.

ಬಾಂಡ್ ರೈಟರ್‌ಗಳ ಬಗ್ಗೆ ಒಂದು ಮಾತು. ಅವರಲ್ಲಿ ಹಲವರಿಗೆ ಚಕ್ಕಬಂದಿ ಬರೆಯುವ ಕಸುಬು ಅನೇಕ ವಕೀಲರಿಗಿಂತ ಚೆನ್ನಾಗಿ ಗೊತ್ತು. ಆ ಅನುಭವಕ್ಕೆ ನನಗೆ ಗೌರವವಿದೆ. ಅವರು ಪತ್ರ ಬರೆಯಲಿ. ಹಕ್ಕಿನ ಬಗ್ಗೆ ಅಭಿಪ್ರಾಯ ಕೊಡುವುದು ಅವರ ಹೊಣೆಯಲ್ಲ, ಅವರು ಹಾಗೆ ಹೇಳಿಕೊಳ್ಳುವುದೂ ಇಲ್ಲ. ಇನ್ನು ವಕೀಲರ ಶುಲ್ಕ ದುಬಾರಿ ಎಂಬ ಆಕ್ಷೇಪಕ್ಕೆ ಉತ್ತರ ಮೇಲಿನ ಲೆಕ್ಕದಲ್ಲೇ ಇದೆ: ಭರವಸೆ ಕೊಡದ ಸರ್ಕಾರಕ್ಕೆ ನಾಲ್ಕು ಲಕ್ಷಕ್ಕೂ ಮಿಕ್ಕಿ ಕಟ್ಟುವವರು, ಮನೆ ತೋರಿಸಿದವರಿಗೆ ಬೆಲೆಯ ಲೆಕ್ಕದಲ್ಲಿ ಕಮಿಷನ್ ಕೊಡುವವರು, ಕಾಗದ ಓದುವವರ ಬಳಿ ಮಾತ್ರ ಚೌಕಾಸಿ ಮಾಡುವುದಕ್ಕೆ ಸಮರ್ಥನೆ ಇಲ್ಲ.

ಮಾರುವವರಿಗೂ ಅವರದೇ ವಕೀಲರು ಬೇಕು, ಅದು ಬೇಗ ಹೇಳಿ ಮುಗಿಸಬಹುದಾದ ಮಾತು. ಹಕ್ಕಿನಲ್ಲಿರುವ ದೋಷವನ್ನು ತಿಳಿಸುವ ಹೊಣೆಯನ್ನು ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮು ಮಾರುವವರ ಮೇಲೆ ಹೊರಿಸಿದೆ. ಬಚ್ಚಿಟ್ಟು ಮಾರಿದವರಿಗೆ ಹಣ ಕೈಸೇರಿದ ಮೇಲೂ ನೆಮ್ಮದಿ ಇರುವುದಿಲ್ಲ. ಮಾರುವ ಮುನ್ನವೇ ವಾರಸಾ, ಖಾತೆ ಸರಿಪಡಿಸಿಕೊಂಡವರಿಗೆ ಬೆಲೆಯೂ ಹೆಚ್ಚು ಸಿಗುತ್ತದೆ.

ಹಾಗಾದರೆ ವಕೀಲರನ್ನು ಆರಿಸುವುದು ಹೇಗೆ? ಮೊದಲ ಭೇಟಿಯಲ್ಲೇ ಕೇಳಬೇಕಾದವು ಇವು:

1. ಇದೇ ಬಗೆಯ ಆಸ್ತಿಯ ಕಾಗದ ನೋಡಿದ ಅನುಭವ ಇದೆಯೇ: ಸಿ.ಟಿ.ಎಸ್., ಬುಡಾ, ಕ್ಯಾಂಪ್, ಗಾಂವಠಾಣ, ಕಾಡಂಚಿನ ಜಮೀನು? ಇಲ್ಲ ಎಂದು ನೇರವಾಗಿ ಹೇಳಿ ಬೇರೊಬ್ಬರ ಹೆಸರು ಸೂಚಿಸುವವರನ್ನು ಇನ್ನಷ್ಟು ನಂಬಬಹುದು.

2. ಈ ವ್ಯವಹಾರದ ಮಾರುವವರಿಗೋ, ಬಿಲ್ಡರಿಗೋ, ಏಜೆಂಟರಿಗೋ ಕೆಲಸ ಮಾಡಿದ್ದೀರಾ? ಹೌದಾದರೆ ಬೇರೆಯವರನ್ನು ನೋಡಿ, ಬೇಸರ ಮಾಡಿಕೊಳ್ಳಬೇಕಿಲ್ಲ.

3. ಅಭಿಪ್ರಾಯವನ್ನು ಬರಹದಲ್ಲಿ ಕೊಡುತ್ತೀರಾ, ಅದರಲ್ಲಿ ನೋಡಿದ ಕಾಗದಗಳ ಪಟ್ಟಿಯ ಜೊತೆ ನೋಡಲು ಸಿಗದ ಕಾಗದಗಳ ಪಟ್ಟಿಯೂ ಇರುತ್ತದೆಯೇ? ಈ ಎರಡನೆಯ ಪಟ್ಟಿಯೇ ವಕೀಲರ ಪ್ರಾಮಾಣಿಕತೆಯ ಅಳತೆ. ಎಲ್ಲವೂ ಸರಿಯಿದೆ ಎನ್ನುವ ಒಂದು ಪುಟದ ಅಭಿಪ್ರಾಯಕ್ಕಿಂತ, ಇಂಥ ಡೈರಿ ಸಿಗಲಿಲ್ಲ, ಇಂಥ ಪತ್ರದ ಮೂಲ ಪ್ರತಿ ಕಾಣಲಿಲ್ಲ, ಆದ್ದರಿಂದ ಇಷ್ಟು ಮಟ್ಟಿಗೆ ಅಪಾಯವಿದೆ ಎನ್ನುವ ನಾಲ್ಕು ಪುಟ ಎಷ್ಟೋ ಮೇಲು.

ಈ ಮೂರೂ ಪ್ರಶ್ನೆಗಳನ್ನು ಊರಿನವರಿಗೆ ಹೇಗೋ ಹಾಗೆ ಹೊರಗಿನವರಿಗೂ ಕೇಳಬಹುದು. ಬೆಳಗಾವಿ, ಖಾನಾಪುರಗಳ ದಾಖಲೆ ಅರಿತವರು ಸಹಜವಾಗಿಯೇ ಹೆಚ್ಚಾಗಿ ಇಲ್ಲಿನವರಾಗಿರುತ್ತಾರೆ. ಹಾಗಾಗಿ ಊರಿನ ವಕೀಲರನ್ನೇ ಹಿಡಿಯಿರಿ ಎಂಬ ಸಲಹೆ ಕೊನೆಗೂ ಬಹುಪಾಲು ಸರಿ, ಅದಕ್ಕೆ ಕೊಡುವ ಕಾರಣ ತಪ್ಪು. ಕಾರಣ ತಪ್ಪಾದರೆ ಆಯ್ಕೆಯೂ ತಪ್ಪುತ್ತದೆ: ದಾಖಲೆ ಬಲ್ಲ ಅಪರಿಚಿತರನ್ನು ಬಿಟ್ಟು, ದಾಖಲೆ ಅರಿಯದ ಪರಿಚಿತರನ್ನು ಹಿಡಿಯುತ್ತೇವೆ.

ಕೊನೆಯದಾಗಿ, ಮನೆ ಕೊಳ್ಳುವ ಆಲೋಚನೆಯಲ್ಲಿರುವ ಎಲ್ಲರಲ್ಲೂ ಒಂದು ವಿನಂತಿ. ವಕೀಲರ ಬಳಿಗೆ ಹೋಗುವುದು ನೋಂದಣಿಯ ಹಿಂದಿನ ವಾರ ಎಂಬ ರೂಢಿಯನ್ನು ಬಿಡಿ. ಅಷ್ಟರಲ್ಲಿ ಸಂಚಕಾರ ಪತ್ರಕ್ಕೆ ಸಹಿ ಬಿದ್ದಿರುತ್ತದೆ, ಮುಂಗಡ ಕೈದಾಟಿರುತ್ತದೆ, ಬ್ಯಾಂಕಿನ ಸಾಲ ಮಂಜೂರಾಗಿರುತ್ತದೆ, ವಾಸ್ತುಶಾಂತಿಯ ಮುಹೂರ್ತವೂ ಗೊತ್ತಾಗಿರುತ್ತದೆ. ಆಗ ವಕೀಲರು ಬೇಡವೆಂದರೂ ಕೇಳುವ ಸ್ಥಿತಿಯಲ್ಲಿ ನೀವಿರುವುದಿಲ್ಲ. ಮನೆ ಮನಸ್ಸಿಗೆ ಬಂದ ದಿನ ಮಾರುವವರಿಂದ ಕಾಗದಗಳ ನಕಲು ಕೇಳಿ ಪಡೆಯಿರಿ, ಅದನ್ನು ನೀವೇ ಹುಡುಕಿ ಆರಿಸಿದ ವಕೀಲರ ಕೈಗೆ ಕೊಡಿ, ಅವರ ಬರಹ ಕೈಗೆ ಬಂದ ಮೇಲೆ ಸಂಚಕಾರ ಕೊಡಿ. ನಕಲು ಕೊಡಲು ಒಪ್ಪದ ಮಾಲೀಕರ ಮನೆ ಎಷ್ಟೇ ಚೆನ್ನಾಗಿರಲಿ, ಕೊಳ್ಳಬೇಡಿ.